ಸೊನ್ನೆ ಒಂದು ಸೊನ್ನೆ ಒಂದು

ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ
ಮಗ್ಗದ ಶೆಡ್ಡಿಗೂ ಲೇತ್ ಅಂಗಡಿಗೂ ನಡುವೆ
ಎಂಟಡಿ ಅಗಲ ನನ್ನ ಕೇಂದ್ರ.
ಮಗ್ಗ ಬಡಿದಾಗೆಲ್ಲ ಮಾನಿಟರು ನಡುಗುತ್ತದೆ,
ಒಳಗೆ ದಿಲ್ಲಿಯ ಸಿಂಹಗಳೂ.

ಇಲ್ಲಿ ಎಲ್ಲರೂ ಹುಟ್ಟಿದ್ದು ಜನವರಿ ಒಂದಕ್ಕೆ.
ಪಿಳ್ಳಮ್ಮ, ಅವಳ ಗಂಡ, ಗಂಡನ ತಂಗಿ,
ಗಾರೆ ಕೆಲಸದ ಮುನಿಯಲ್ಲಪ್ಪ,
ಅಗರಬತ್ತಿ ಹೊಸೆಯುವ ಖುರ್ಷಿದಾ ಬಿ,
ಪಕ್ಕದ ಲೇತಿನ ಆರೋಗ್ಯದಾಸ್.
ಮೊದಲ ಸಲ ಕಾರ್ಡು ಮಾಡಿದ ಹುಡುಗ
ಯಾವತ್ತು ಹುಟ್ಟಿದ್ದು ಅಂದ.
ಯಾರಿಗ್ಗೊತ್ತಪ್ಪ ಅಂದರು.
ಸಾಲು ಬೀದಿ ತಿರುವು ದಾಟಿತ್ತು.
ಸೊನ್ನೆ ಒಂದು ಸೊನ್ನೆ ಒಂದು ಒತ್ತಿ
ಮುಂದಿನವರನ್ನು ಕರೆದ.
ಅವನನ್ನು ಬೈಯಲಾರೆ.
ನಾನೂ ಒತ್ತಿದ್ದೇನೆ.

ಹೊಸ ವರ್ಷದ ಬೆಳಗ್ಗೆ
ರಸ್ತೆಯ ಫೋನುಗಳೆಲ್ಲ ಒಟ್ಟಿಗೆ ಗುಂಯ್ ಅನ್ನುತ್ತವೆ.
ಹಲ್ಲುಜ್ಜುವುದು ಬಿಟ್ಟು ಪಿಳ್ಳಮ್ಮ ಓಡಿ ಬರುತ್ತಾಳೆ,
ದುಡ್ಡು ಬಂತಾ ನೋಡವ್ವ.
ಇಲ್ಲಮ್ಮ, ಹುಟ್ಟುಹಬ್ಬದ ಶುಭಾಶಯ.
ಅದನ್ನ ಎಲ್ಲಿ ಬಿಡಿಸ್ಕೋಬೇಕು?

ಸುಳ್ಳು ಹೇಳಬಾರದು, ಬರುವುದೂ ಉಂಟು.
ಆರೋಗ್ಯದಾಸನ ಪಿ.ಎಫ್. ಅರ್ಜಿ ಹನ್ನೆರಡು ನಿಮಿಷಕ್ಕೆ ಮುಗಿಯಿತು,
ಒಂಬತ್ತನೇ ದಿನ ಹಣ ಖಾತೆಯಲ್ಲಿ.
ಅವನಪ್ಪ ಇದಕ್ಕೇ ಮೂರು ವರ್ಷ ಅಲೆದು
ಕಿಟಕಿಯಾಚೆಯ ಗುಮಾಸ್ತನ ಮಗಳ ಮದುವೆಗೂ ಹೋಗಿ ಬಂದಿದ್ದನಂತೆ.
ಎಣ್ಣೆಗೈ ಒರೆಸಿಕೊಳ್ಳುತ್ತ ಸುಮ್ಮನೆ ನಿಂತಿದ್ದ.
ಯಾರಿಗೆ ಥ್ಯಾಂಕ್ಸ್ ಹೇಳೋದಕ್ಕಾ, ಅಂದ.
ನನಗೂ ಗೊತ್ತಿರಲಿಲ್ಲ.
ಹೋಗುವಾಗ ಪ್ರಿಂಟರಿಗೆ ಕೈ ಮುಗಿದ.

ಈಚೆಗೆ ಪರದೆಗೆ ಕನ್ನಡವೂ ಬಂದಿದೆ.
ಮೂಲೆಯ ಗುಂಡಿಯ ಮೇಲೆ: ಮನೆಗೆ ಹೋಗಿ.
ಓದಲು ಬಂತೆಂಬ ಖುಷಿಗೆ ಗಟ್ಟಿಯಾಗಿ ಓದಿದ ಮುನಿಯಲ್ಲಪ್ಪ
ಚೀಲ ಎತ್ತಿಕೊಂಡು ಎದ್ದೇಬಿಟ್ಟ.
ಬೆಳಗ್ಗೇನೇ ಹೇಳಿದ್ರೆ ಒಂದು ದಿನದ ಕೂಲಿ ಉಳೀತಿತ್ತಲ್ಲವ್ವ.
ಕೂರಿಸಿದೆ. ಅಷ್ಟರಲ್ಲಿ
ನಿಮ್ಮ ಅವಧಿ ಮುಗಿದಿದೆ, ಮತ್ತೆ ಪ್ರವೇಶಿಸಿ.
ಸರದಿಯಲ್ಲಿದ್ದ ಖುರ್ಷಿದಾ ಬಿ ಸೆರಗಿನಲ್ಲಿ ನಕ್ಕಳು,
ಮುಗಿದ ಮೇಲೂ ಒಳಗೆ ಕರೀತಾರಾ!

ಅವನಿಗೆ ಬೇಕಿರುವುದು ವೃದ್ಧಾಪ್ಯ ವೇತನ.
ಪರದೆಯ ಲೆಕ್ಕದಲ್ಲಿ ಐವತ್ತೆಂಟು.
ಅವನ ಬೆನ್ನಿಗೆ ಹುಟ್ಟಿದ ತಮ್ಮ
ಹೋದ ವರ್ಷವೇ ಅರವತ್ತಾಗಿ
ತಿಂಗಳು ತಿಂಗಳು ಎಣಿಸಿಕೊಳ್ಳುತ್ತಿದ್ದಾನೆ.
ಅವನು ಮುದುಕನಾಗಿ ನಾನು ಹೆಂಗವ್ವ ಹುಡುಗ?
ತಿದ್ದಬಹುದು ಅಂದೆ, ಶಾಲೆಯ ದಾಖಲೆ ಕೊಡಿ.
ಶಾಲೆ ಎರಡು ಕಟ್ಟಿದೀನಿ, ಅಂದ,
ಒಂದರ ಗೋಡೆ ಇನ್ನೂ ನಿಂತಿದೆ, ಬೇಕಾದರೆ ಫೋಟೋ ಹಿಡಿದು ಕಳಿಸು.
ಫೈಲಿನ ಗಾತ್ರ ನೂರು ಕೆಬಿ ಮೀರಬಾರದು
ಅಂತ ಕೆಂಪಕ್ಷರದಲ್ಲಿ ಬಂತು.

ಪಾಸ್‌ವರ್ಡು ಬರೆದಿಡುವ ನೋಟ್‌ಬುಕ್ಕನ್ನು
ತಲೆಕೆಳಗು ಮಾಡಿ, ಕೊನೆ ಹಾಳೆಯಿಂದ
ಇನ್ನೊಂದು ಲೆಕ್ಕ ಶುರು ಮಾಡಿದ್ದೇನೆ.
ಯಾರೂ ಕೇಳಿಲ್ಲ, ಇದಕ್ಕೆ ರಸೀದಿಯೂ ಇಲ್ಲ.
ಪಿಳ್ಳಮ್ಮ: ಬೀದಿ ನಲ್ಲಿಯಲ್ಲಿ ಮೊದಲ ಸಲ ನೀರು ಬಂದ ಬೇಸಿಗೆ,
ಅವ್ವ ಬಿಂದಿಗೆ ಇಳಿಸುವ ಮೊದಲೇ.
ಖುರ್ಷಿದಾ ಬಿ: ರಂಜಾನಿನ ಇಪ್ಪತ್ತೇಳನೇ ರಾತ್ರಿ, ಕರೆಂಟು ಹೋಗಿತ್ತು.
ಆರೋಗ್ಯದಾಸ್: ಮಿಲ್ಲಿನ ಮೂರನೇ ಪಾಳಿಯ ಸೈರನ್ನಿಗೆ.
ಮುನಿಯಲ್ಲಪ್ಪ: ಕೆರೆ ಕೋಡಿ ಬಿದ್ದ ವರ್ಷ,
ಚಳಿಗಾಲ, ಅವರೆಕಾಯಿಗೆ ಸೊಗಡು ಏರಿದ್ದಾಗ.

ರಾತ್ರಿ ಶಟರು ಎಳೆಯುವಾಗ ಹೊಳೆಯಿತು.
ಸೊಗಡು ಏರುವುದು ಡಿಸೆಂಬರ್ ಕೊನೆಗೆ,
ಇಲ್ಲವೇ ಸಂಕ್ರಾಂತಿಗೆ ಮುಂಚೆ.
ವರ್ಷ ತಪ್ಪಿರಬಹುದು,
ಅವನೊಬ್ಬನದು ದಿನ ಸರಿಯಿದ್ದರೂ ಇದ್ದೀತು.
ಹೇಳಲಿಲ್ಲ.
ನಾಳೆ ಬರುತ್ತಾನೆ, ಎಂಟಕ್ಕೇ,
ಸರ್ವರು ಏಳುವ ಮೊದಲು.